ಅಕ್ಕನನ್ನು ಒಂದೇ ಸಲ ಕರೆದೆ

ಹಿಂದೂಪುರದ ಬಸ್ ನಿಲ್ದಾಣದ ಎದುರು, ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ನನ್ನ ಟೂರ್ಸ್ ಆಫೀಸಿದೆ. ಹನ್ನೊಂದು ವರ್ಷದಿಂದ ಈ ಕಡೆಯ ಜನರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಿ, ಒಬ್ಬರೂ ಕಳೆದುಹೋಗದಂತೆ ವಾಪಸು ತರುತ್ತಿದ್ದೇನೆ. ಹೆಸರು ಚಂದ್ರಮೋಹನ್. ಆದರೆ ಜನ ನನ್ನನ್ನು ಗುರುತಿಸುವುದು ಟೂರಿನಿಂದಲ್ಲ, ಸಲಹೆಯಿಂದ. ಪ್ರತಿ ಸೋಮವಾರ ಬೆಳಗ್ಗೆ ಯಾವ ದೇಶದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ನನ್ನ ದನಿಯಲ್ಲೇ ಹೇಳಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಜಪಾನಿನಲ್ಲಿ ಹೋಟೆಲಿನವನಿಗೆ ಟಿಪ್ಸ್ ಕೊಡಲು ಹೋಗಬೇಡಿ, ಅವನು ನಿಮ್ಮ ಹಿಂದೆ ಓಡಿ ಬಂದು ವಾಪಸು ಕೊಡುತ್ತಾನೆ. ಥಾಯ್ಲೆಂಡಿನಲ್ಲಿ ಮಗು ಎಷ್ಟೇ ಮುದ್ದಾಗಿದ್ದರೂ ತಲೆ ಸವರಬೇಡಿ. ವಿಯೆಟ್ನಾಮಿನಲ್ಲಿ ಅನ್ನದ ಬಟ್ಟಲಿಗೆ ಊಟದ ಕಡ್ಡಿಯನ್ನು ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ. ರಸ್ತೆ ದಾಟುವಾಗ ನಿಲ್ಲಬೇಡಿ, ಓಡಬೇಡಿ, ಒಂದೇ ಸಮ ನಡೆಯಿರಿ, ಸ್ಕೂಟರಿನವರೇ ಪಕ್ಕಕ್ಕೆ ಸರಿಯುತ್ತಾರೆ. ಟೀ ಅಂಗಡಿಯಲ್ಲಿ ಕೂತವರು ನನ್ನ ದನಿಯನ್ನು ಅಣಕಿಸಿ ನಗುವಷ್ಟು ಹೆಸರಾಗಿತ್ತು. ನನಗೆ ಅದರ ಜಂಬವಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಇಷ್ಟೆಲ್ಲ ತಿಳಿದವನು ನನ್ನ ಅಕ್ಕನ ವಿಷಯದಲ್ಲಿ ಮಣ್ಣು ತಿನ್ನುವ ಕೆಲಸ ಮಾಡಿದೆ.

ಅಕ್ಕ ಶಿವಲಕ್ಷ್ಮಮ್ಮ ಇರುವುದು ಕಲ್ಯಾಣದುರ್ಗದಲ್ಲಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಆಗಲೇ ಮದುವೆಯಾಗಿದ್ದ ಅಕ್ಕ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಹತ್ತನೇ ಕ್ಲಾಸಿನವರೆಗೆ ಓದಿಸಿದಳು. ಭಾವ ಹೋಗಿ ಬಹಳ ವರ್ಷವಾಯಿತು. ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರ ಮಕ್ಕಳ ಮೂಗು ಒರೆಸಿ, ಒಬ್ಬಳೇ ಮಗಳು ಮೀನಾಳನ್ನು ಓದಿಸಿ ಮದುವೆ ಮಾಡಿ, ಮೊನ್ನೆ ಮೊನ್ನೆ ರಿಟೈರ್ ಆದಳು. ಅವಳು ನೋಡಿದ ದೂರದ ಊರು ಎಂದರೆ ತಿರುಪತಿ. ಅದೂ ಒಂದು ಸಲ, ನನ್ನ ತಲೆ ಬೋಳಿಸಲು.

ಈ ಫೆಬ್ರವರಿಯಲ್ಲಿ ವಿಯೆಟ್ನಾಮಿಗೆ ಇಪ್ಪತ್ತೆರಡು ಜನರ ಟೂರ್ ಹಾಕಿದ್ದೆ. ಹೊರಡಲು ಒಂದು ತಿಂಗಳಿರುವಾಗ ಮೂರು ಸೀಟು ಖಾಲಿ ಉಳಿದಿದ್ದವು. ಕಲ್ಯಾಣದುರ್ಗದ ಮೇಷ್ಟ್ರು ಮಲ್ಲಿಕಾರ್ಜುನಪ್ಪ ಮತ್ತು ಅವರ ಹೆಂಡತಿ ಯಶೋದಮ್ಮ ಬರುತ್ತಾರೋ ಇಲ್ಲವೋ ಎಂದು ಎಳೆದಾಡುತ್ತಿದ್ದರು. ಮೇಷ್ಟ್ರು ಮೊದಲು ಮಂಡಿನೋವು ಎಂದರು. ಆಮೇಲೆ ಊಟ ಹೊಂದುವುದಿಲ್ಲ ಎಂದರು. ಆಮೇಲೆ ವಿಮಾನ ಎಂದರೆ ಭಯ ಎಂದರು. ನಾನು ಬಿಡಲಿಲ್ಲ. ಮೂರು ಸಲ ಫೋನು ಮಾಡಿದೆ, ಎರಡು ಸಲ ಮನೆಗೇ ಹೋದೆ. ಐದನೇ ಸಲಕ್ಕೆ ಮೇಷ್ಟ್ರು ನಗುತ್ತಾ ಪಾಸ್‌ಪೋರ್ಟ್ ತಂದು ಕೈಗಿಟ್ಟರು.

ಆ ಖುಷಿಯಲ್ಲಿ ಹಿಂದೂಪುರಕ್ಕೆ ತಿರುಗುವ ದಾರಿಯಲ್ಲಿ ಅಕ್ಕನ ಮನೆ ಮುಂದಕ್ಕೆ ಕಾರು ತಂದೆ. ಅವಳು ಗೇಟಿನ ಹತ್ತಿರ ಬಂದಳು. ಉಳಿದ ಒಂದು ಸೀಟನ್ನು ಅವಳಿಗೇ ಕೊಡೋಣ ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

"ಅಕ್ಕಾ, ವಿಯೆಟ್ನಾಂಗೆ ಬತ್ತೀಯಾ? ನಂದೇ ಖರ್ಚು ಕಣಕ್ಕ" ಎಂದೆ.

"ಅಯ್ಯೋ, ನಂಗ್ಯಾಕಪ್ಪ ಅದೆಲ್ಲಾ? ಬ್ಯಾಡ ಬ್ಯಾಡ. ಯಾರಾನ ಬೇರೇವ್ರಿಗೆ ಕೊಡು" ಎಂದಳು.

ಸರಿ ಎಂದೆ. ಮರುದಿನ ಆ ಸೀಟನ್ನು ಗೋರಂಟ್ಲದ ಒಬ್ಬ ಸೀರೆ ವ್ಯಾಪಾರಿಗೆ ಕೊಟ್ಟೆ. ಅಕ್ಕನನ್ನು ಕರೆದೆ, ಅವಳು ಒಲ್ಲೆ ಎಂದಳು, ತಮ್ಮನಾಗಿ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಹೆಂಡತಿ ಉಮಾದೇವಿಯ ಮುಂದೆಯೂ ಹಾಗೆಯೇ ಹೇಳಿಕೊಂಡೆ. "ಒಂದೇ ಸಲ ಕೇಳಿದ್ರಾ?" ಎಂದಳು ಅವಳು. ನಾನು ಫೋನಿನಲ್ಲಿ ವೀಸಾ ನೋಡುತ್ತಿದ್ದೆ.

ವಿಯೆಟ್ನಾಮಿನಲ್ಲಿ ಮೂರನೇ ದಿನ ಹನೋಯಿಯಿಂದ ಹಾಲಾಂಗ್ ಕೊಲ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಜನ ತೂಕಡಿಸಬಾರದು ಎಂದು ನಾನು ಮೈಕ್ ಹಿಡಿದುಕೊಂಡು ಲೋಕದ ವಿಚಿತ್ರಗಳನ್ನು ಹೇಳುತ್ತೇನೆ, ಅದು ನನ್ನ ಅಭ್ಯಾಸ. ಅವತ್ತು ಇರಾನಿನ ಮಾತು ಬಂತು. ನಾನು ಇರಾನ್ ನೋಡಿಲ್ಲ, ಓದಿದ್ದು ಅಷ್ಟೆ. ಅಲ್ಲಿ ಟ್ಯಾಕ್ಸಿಯವನು ದುಡ್ಡು ಬೇಡ ಎನ್ನುತ್ತಾನೆ, ನೀವು ನಂಬಿ ಇಳಿದು ಹೋಗಬಾರದು. ಮನೆಗೆ ಬಂದವನು ಊಟ ಬೇಡ ಎನ್ನುತ್ತಾನೆ, ನೀವು ನಂಬಿ ತಟ್ಟೆ ಎತ್ತಿಡಬಾರದು. ಮೊದಲನೇ ಬೇಡ ಮರ್ಯಾದೆಗೆ, ಎರಡನೇ ಬೇಡ ನಾಚಿಕೆಗೆ, ಮೂರನೆಯದು ಮಾತ್ರ ನಿಜ. ಹೀಗೆಂದು ನಟನೆ ಮಾಡಿ ತೋರಿಸಿದೆ. ಬಸ್ಸೆಲ್ಲ ನಕ್ಕಿತು. "ಎಂಥ ಜನಾನಪ್ಪ!" ಎಂದು ಸೀರೆ ವ್ಯಾಪಾರಿ ಚಪ್ಪಾಳೆ ತಟ್ಟಿದ.

ಮುಂದಿನ ಸೀಟಿನಲ್ಲಿದ್ದ ಯಶೋದಮ್ಮ ನಗಲಿಲ್ಲ. ನಾನು ಮೈಕ್ ಆರಿಸಿದ ಮೇಲೆ ಮೆಲ್ಲಗೆ ಹೇಳಿದರು:

"ಅದಕ್ಕೆ ಇರಾನ್‌ಗ್ಯಾಕೆ ಹೋಯ್ತೀಯಪ್ಪಾ? ನಮ್ದೂ ಅಂಗೇ ಅಲ್ವಾ? ನಿಮ್ಮಕ್ಕ ಪಾಪ, ನೀನು ಇನ್ನೊಂದ್ ಸಲ ಬತ್ತೀಯ ಅಂತ ಕಾದ್ಲು."

"ಅಕ್ಕನೇ ಬ್ಯಾಡ ಅಂದ್ಲಲ್ಲಮ್ಮ."

"ಬ್ಯಾಡ ಅನ್ನೋಳು ಪಾಸ್‌ಪೋರ್ಟ್ ಯಾಕ್ ಮಾಡಿಸ್ತಾಳೆ? ಹೋದ ವರ್ಷ ನಾವಿಬ್ರೂ ಒಟ್ಟಿಗೇ ಹೋಗಿ ಅನಂತಪುರದಾಗೆ ಮಾಡಿಸ್ಕಂಡ್ ಬಂದ್ವಿ. ತಮ್ಮನಿಗೆ ಹೇಳ್ಬ್ಯಾಡ, ಅವ್ನೇ ಕರೀಲಿ, ಆಗ ತೋರಿಸ್ತೀನಿ ಅಂದಿದ್ಲು. ನೀನು ಬಂದು ಹೋದ ಮ್ಯಾಲೆ ನಾನು ಕೇಳ್ದೆ, ಏನಾಯ್ತೇ ಅಂತ. ಒಂದ್ ಸಲ ಕೇಳವ್ನೆ ಕಣೇ, ಇನ್ನೊಂದ್ ಸಲ ಕೇಳ್ತಾನೆ, ಅಂದ್ಲು. ಬ್ಯಾಗೂ ಹೊಸದು ತಗಂಡಿದ್ಲು."

ಆಮೇಲೆ ಕೊಲ್ಲಿ ಬಂತು. ಎಲ್ಲರೂ ಹಡಗು ಹತ್ತಿದರು. ಹಸಿರು ನೀರು, ನೀರಿನಿಂದ ಎದ್ದ ಸಾವಿರಾರು ಬಂಡೆ. ನಾನು ಬೆರಳು ತೋರಿಸಿ ಹೆಸರು ಹೇಳುತ್ತಿದ್ದೆ, ತಲೆ ಎಣಿಸುತ್ತಿದ್ದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನನ್ನ ಮೇಲೆ ನನಗೇ ಉರಿ ಎದ್ದಿತ್ತು. ಗುರುತು ಪರಿಚಯ ಅಷ್ಟಕ್ಕಷ್ಟೇ ಇದ್ದ ಮೇಷ್ಟ್ರನ್ನು ಐದು ಸಲ ಗೋಗರೆದವನು ನಾನು.

ನನಗೆ ಗೊತ್ತಿಲ್ಲದ ಪದ್ಧತಿಯಾಗಿದ್ದರೆ ಒಂದು ಮಾತು. ನಾನು ಬೆಳೆದದ್ದೇ ಅದರಲ್ಲಿ. ಯಾರ ಮನೆಗಾದರೂ ಹೊರಟರೆ ಅಮ್ಮ ಬಾಗಿಲಲ್ಲೇ ನಮ್ಮಿಬ್ಬರ ಕಿವಿ ಹಿಂಡಿ ಹೇಳುತ್ತಿದ್ದಳು: ಊಟಕ್ಕೆ ಕರೆದರೆ ಬೇಡ ಅನ್ನಿ, ಮತ್ತೆ ಕರೆದರೂ ಬೇಡ ಅನ್ನಿ, ಮೂರನೇ ಸಲ ಕೈ ಹಿಡಿದು ಎಳೆದರೆ ಮಾತ್ರ ಕೂತುಕೊಳ್ಳಿ, ಇಲ್ಲದಿದ್ದರೆ ಹಸಿದು ಬಂದವರು ಎನ್ನುತ್ತಾರೆ. ಒಮ್ಮೆ ಕಂಬದೂರಿನಲ್ಲಿ ಓಬಣ್ಣ ಮಾವನ ಮನೆಗೆ ಹೋಗಿದ್ದೆವು. ಮಾವ ಪೇಟೆ ಸೇರಿ ಬದಲಾಗಿದ್ದ. ಊಟ ಮಾಡ್ತೀರಾ ಎಂದ, ನಾವು ಬೇಡ ಎಂದೆವು, ಆಯಿತು ಬಿಡಿ ಎಂದು ತಾನು ಉಂಡ. ಒಳಗಿನಿಂದ ಕೋಳಿಸಾರಿನ ವಾಸನೆ ಬರುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹಸಿವಿನಿಂದ ಅತ್ತೆ. ಅಕ್ಕ ತನ್ನ ಸೆರಗಿನ ಗಂಟಿನಲ್ಲಿದ್ದ ಹುರಿಗಡಲೆಯನ್ನು ನನಗೇ ತಿನ್ನಿಸಿ, ತಾನು ಕಿಟಕಿ ಕಡೆ ನೋಡುತ್ತಾ ಕೂತಿದ್ದಳು. ಓಬಣ್ಣ ಮಾವನಿಗೆ ನಾನು ಬಹಳ ವರ್ಷ ಶಾಪ ಹಾಕಿದ್ದೇನೆ. ಈಗ ನಾನೇ ಅವನಾದೆ.

ಹಿಂದೂಪುರಕ್ಕೆ ಬಂದ ಮೂರನೇ ದಿನ, ಮದುವೆಗೆ ಕರೆಯಲು ಹೋಗುವವರ ಹಾಗೆ ಎಲೆ, ಅಡಿಕೆ, ತೆಂಗಿನಕಾಯಿ, ಹಣ್ಣು ಕಟ್ಟಿಕೊಂಡು ಹೊರಟೆ. ಉಮಾದೇವಿಯೂ ಬಂದಳು.

ಅಕ್ಕ ಖುಷಿಯಿಂದಲೇ ಒಳಗೆ ಕರೆದಳು. ಒತ್ತು ಶ್ಯಾವಿಗೆ ಮಾಡಿದ್ದಳು. ಊಟವಾದ ಮೇಲೆ ಉಮಾದೇವಿ ಅಕ್ಕನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಎಲೆ ಅಡಿಕೆ ಮುಂದೆ ಹಿಡಿದೆ.

"ಜೂನ್‌ನಾಗೆ ಶ್ರೀಲಂಕಾಕ್ಕೆ ಹೋಯ್ತಿದೀವಿ ಅಕ್ಕ. ನೀನು ಬರ್ಲೇಬೇಕು."

"ಬ್ಯಾಡ ಕಣಪ್ಪ."

"ಅಂಗನ್ಬ್ಯಾಡಕ್ಕ. ಕಿಟಕಿ ಸೀಟು ಕೊಡಿಸ್ತೀನಿ. ಸಮುದ್ರ ನೋಡುವಂತೆ."

"ಬ್ಯಾಡ ಬಿಡೋ, ನಿಂಗ್ಯಾಕ್ ತೊಂದ್ರೆ."

ಅವಳ ಕೈ ಹಿಡಿದುಕೊಂಡೆ. ಮೂರನೇ ಸಲ ಕೇಳಿದೆ. ಯಶೋದಮ್ಮ ಎಲ್ಲ ಹೇಳಿದರು ಎಂದೂ ಹೇಳಿಬಿಟ್ಟೆ. ನನ್ನದು ತಪ್ಪಾಯಿತು ಎಂದೆ. ಅಕ್ಕ ನನ್ನ ಕೈ ತಟ್ಟಿದಳು.

"ತಪ್ಪಿನ ಮಾತಲ್ಲ ಕಣ್ಲಾ. ಈಗ ನಿಜವಾಗ್ಲೂ ಆಗಲ್ಲ. ಮೀನಾಗೆ ಏಪ್ರಿಲ್‌ನಾಗೆ ಹೆರಿಗೆ. ಅವ್ಳ ಅತ್ತೆ ಇಲ್ಲ. ಮೂರು ತಿಂಗ್ಳಾದ ಮ್ಯಾಲೆ ಅವ್ಳು ಕೆಲಸಕ್ಕೆ ಹೋಗ್ಬೇಕು, ಕೂಸು ನನ್ ಮಡಿಲಾಗೇ ಇರೋದು. ಸ್ಕೂಲಿಗೆ ಸೇರೋ ತಂಕ ನಾನು ಪೆನುಕೊಂಡದಾಗೆ ಅವ್ಳ ಮನೇಲೇ. ಆಮ್ಯಾಕೆ ಇನ್ನೊಂದು ಕೂಸು ಆಯ್ತದೆ."

"ಆಮೇಲೆ ಹೋಗೋಣಕ್ಕ. ಪಾಸ್‌ಪೋರ್ಟ್ ಹತ್ತು ವರ್ಷ ಇರ್ತದೆ."

"ಪಾಸ್‌ಪೋರ್ಟ್ ಇರ್ತದೆ" ಎಂದು ಅಕ್ಕ ನಕ್ಕಳು. "ನಂಗೆ ಅರವತ್ತಮೂರು ಕಣೋ. ಹದಿನೆಂಟಕ್ಕೆ ಮದುವೆ ಆದೆ. ಆವಾಗಿಂದ ಯಾರಿಗೂ ಅನ್ನ ಬೇಯಿಸೋದು ಇಲ್ದಿದ್ದ ದಿನ ಅಂದ್ರೆ ರಿಟೈರ್ ಆದ ಮ್ಯಾಲಿನ ಈ ನಾಕು ತಿಂಗ್ಳು. ಅಷ್ಟೇ ಇದ್ದಿದ್ದು ನಂಗೆ."

ಉಮಾದೇವಿ ಎದ್ದು ಅಡಿಗೆ ಮನೆಗೆ ಹೋದಳು. ನನಗೆ ಅಳು ಬಂದುಬಿಟ್ಟಿತು. ಐವತ್ತೆರಡು ವರ್ಷದವನು ಅಕ್ಕನ ಮುಂದೆ ಮೂಗು ಸುರಿಸುತ್ತಾ ಕೂತೆ. ಅಳುತ್ತಲೇ ನನ್ನ ಪರವಾಗಿ ವಾದವನ್ನೂ ಹೂಡಿದೆ, ಆ ಕೆಟ್ಟ ಬುದ್ಧಿ ನನಗೆ ಹೋಗುವುದಿಲ್ಲ.

"ಪಾಸ್‌ಪೋರ್ಟ್ ಐತೆ ಅಂತ ಒಂದು ಮಾತು ಅಂದಿದ್ರೆ ಆಯ್ತಿರ್ಲಿಲ್ವೇನಕ್ಕ? ಇನ್ನೊಬ್ರ ಹತ್ರ ಹೇಳಿದೀಯ, ನನ್ ಹತ್ರ ಬಾಯಿ ಬಿಡಾಕೆ ಏನಾಗಿತ್ತು ನಿಂಗೆ?"

ಅಕ್ಕನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಎಲೆ ಅಡಿಕೆ ತೆಗೆದು ದೇವರ ಗೂಡಿನಲ್ಲಿಟ್ಟು, ಬಂದು ಮತ್ತೆ ನನ್ನ ಪಕ್ಕದಲ್ಲೇ ಕೂತಳು.

"ಹೇಳಾನ ಅಂತಾನೇ ಗೇಟಿನ ತಾವ್ಕೆ ಬಂದೆ ಕಣೋ. ಪಾಸ್‌ಪೋರ್ಟು ಸೆರಗಿನಾಗೆ ಮುಚ್ಕಂಡಿದ್ದೆ. ನೀನು ಕಾರು ಆಫ್ ಮಾಡ್ಲಿ, ಇಳೀಲಿ, ಆಮ್ಯಾಕೆ ಹೇಳಾನ ಅಂತ ನಿಂತ್ಕಂಡೆ."

ನಾನು ಆಫ್ ಮಾಡಿರಲಿಲ್ಲ.