ನಲವತ್ತೇಳನೇ ಗೂಟ

ನಲವತ್ತೇಳನೇ ಗೂಟದ ತಲೆಯಲ್ಲಿ ಏಳು ಬೆಳವಣಿಗೆಯ ಉಂಗುರಗಳಿದ್ದವು. ಯಮುನಾ ಮತ್ತೊಮ್ಮೆ ಎಣಿಸಿದಳು. ಏಳೇ. ಆರು ವರ್ಷದ ಹಿಂದೆ ಅದನ್ನು ಹೂಳುವ ಮುಂಚೆ ಅವಳೇ ತೆಗೆದ ಫೋಟೋದಲ್ಲಿ ಇದ್ದದ್ದು ನಾಲ್ಕು. ಕಡಿದ ಮರ ಬಿರಿಯುತ್ತದೆ, ಕೊಳೆಯುತ್ತದೆ, ಗೆದ್ದಲಿಗೆ ಊಟವಾಗುತ್ತದೆ. ಬೆಳೆಯುವುದಿಲ್ಲ.



ಪೀಣ್ಯದ ಕಾರ್ಖಾನೆಗಳ ಬೆನ್ನಿಗಿರುವ ಈ ಅರ್ಧ ಎಕರೆ, ಮರದ ಸಂಶೋಧನೆ ಮಾಡುವ ಸರ್ಕಾರಿ ಕೇಂದ್ರದ ಪರೀಕ್ಷಾ ಜಾಗ. ಬೇಗ ಬೆಳೆಯುವ ಹೆಬ್ಬೇವಿಗೆ ಗೆದ್ದಲು ತಡೆಯುವ ಔಷಧಿ ಕುಡಿಸಿ ಹೂತರೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಯಮುನಾಳ ಪ್ರಶ್ನೆ. ಬಾಳುವುದಾದರೆ ಕಂಬಕ್ಕೆಂದು ಕಾಡಿನ ಮರ ಉರುಳಿಸಬೇಕಿಲ್ಲ. ವರ್ಷಕ್ಕೊಮ್ಮೆ ನೂರು ಗೂಟಗಳನ್ನೂ ಕಿತ್ತು, ಬುಡ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಮತ್ತೆ ಹೂಳುತ್ತಿದ್ದಳು. ಮೂರನೇ ವರ್ಷದಿಂದ ಎಲ್ಲಕ್ಕೂ ಒಳ್ಳೆಯ ಅಂಕ. ಅದನ್ನು ನಂಬಿ ಅವಳು ಬರೆದ ಪತ್ರದ ಮೇಲೆಯೇ, ಎರಡು ವರ್ಷದ ಹಿಂದೆ, ಆನೇಕಲ್ ಕಡೆಯ ಒಂದು ಅಂಗನವಾಡಿಯ ಜಗಲಿಗೆ ಹೆಬ್ಬೇವಿನ ಕಂಬ ನಿಲ್ಲಿಸಿದ್ದರು. ಮೇಲೆ ಹೆಂಚು. ಕೆಳಗೆ ಇಪ್ಪತ್ತೆರಡು ಮಕ್ಕಳು.

"ಹನುಮಂತರಾಯಪ್ಪನವರೇ, ಬನ್ನಿ ಇಲ್ಲಿ."

ಜಾಗ ನೋಡಿಕೊಳ್ಳುವ ಹನುಮಂತರಾಯಪ್ಪ ಕುಡುಗೋಲು ಬಿಟ್ಟು ಬಂದರು. ಸರ್ಕಾರ ತೆಗೆದುಕೊಳ್ಳುವ ಮೊದಲು ಇದು ಅವರಪ್ಪನ ರಾಗಿ ಹೊಲ.

"ಈ ಗೂಟ ಯಾರು ಬದಲಾಯಿಸಿದ್ದು?"

ಅವರ ಮುಖ ಅರಳಿತು. "ಇಷ್ಟ್ ವರ್ಸಕ್ಕೆ ಕಂಡ್ತಾ ಮೇಡಂ? ನಾನೇ. ಗೆದ್ಲು ತಿಂದು ಬಿದ್ದೋಗಿತ್ತು. ರಾಗಿ ಸಾಲ್ನಾಗೆ ಪೈರು ಸತ್ತ ಕಡೆ ಇನ್ನೊಂದು ಊರಲ್ವಾ? ಅಂಗೇ. ಗೋಡೌನ್ನಾಗೆ ಮಿಕ್ಕಿದ್ದ ಗೂಟ ತಂದು ನೆಟ್ಟೆ, ಹಳೇ ನಂಬರ್ ತಗಡು ಬಡ್ದೆ. ಸಾಲಿನಾಗೆ ಸಂದು ಬಿಟ್ರೆ ನೋಡ್ದೋರು ನಗಲ್ವಾ?"

"ಇದೊಂದೇನಾ?"

"ಒಂದೆಲ್ಲಿ ಬಂತು? ವರ್ಸಾ ವರ್ಸಾ, ನೀವು ಬರೋಕೆ ಒಂದು ವಾರ ಮುಂಚೆ ಒಂದು ಸುತ್ತು ಆಕ್ತೀನಿ." ಅವರು ದನಿ ತಗ್ಗಿಸಿದರು. "ಎರಡ್ನೇ ವರ್ಸ ಮೂರು ಗೂಟ ಓಗಿದ್ದಕ್ಕೆ ನೀವು ಊಟಾನೇ ಬಿಟ್ಟು ಕೂತ್ರಲ್ಲ. ನನ್ ಕೈಲಿ ನೋಡಕ್ಕಾಗ್ಲಿಲ್ಲ ಮೇಡಂ."

  ಯಮುನಾ ಅಂಗನವಾಡಿಯ ಟೀಚರ್ ದಾನೇಶ್ವರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಮಕ್ಕಳೆಲ್ಲಿ?"

"ಜಗಲಿಲೇ ಮೇಡಂ, ಊಟಕ್ಕೆ. ಇವತ್ತು ಮೊಟ್ಟೆ ನೋಡಿ, ಒಂದೂ ಜಾಗ ಬಿಟ್ಟು ಏಳ್ತಿಲ್ಲ!"

"ಎಲ್ಲರನ್ನೂ ಬಯಲಿಗೆ ಕಳಿಸಿ. ತಟ್ಟೆ ಅಲ್ಲೇ ಇರಲಿ. ಈಗಲೇ."

"ಯಾಕೆ, ಹಾವೇನಾದ್ರೂ..."

"ಕಳಿಸಿ, ದಾನೇಶ್ವರಿ. ಆಮೇಲೆ ಎಣಿಸಿ."

ಫೋನಿನಲ್ಲಿ ಗದ್ದಲ, ತಟ್ಟೆ ಉರುಳಿದ ಸದ್ದು, ಯಾವುದೋ ಮಗು ಮೊಟ್ಟೆಗಾಗಿ ಅಳುವುದು. 

"ಇಪ್ಪತ್ತೆರಡೂ ಹೊರಗಿವೆ. ಏನಾಯ್ತು ಮೇಡಂ?"

"ಕಂಬಗಳು. ನಾನು ಹೇಳಿದ್ದು ತಪ್ಪು. ಅವು ಕೊಳೆತಿರಬಹುದು."

"ಅಯ್ಯೋ, ಇಷ್ಟೇನಾ! ಬಣ್ಣವೇ ಮಾಸಿಲ್ಲ, ಒಳ್ಳೆ ಕಲ್ಲಿನ ಹಾಗಿವೆ. ಬೇಕಾದ್ರೆ ಈ ಸೌಟಲ್ಲೇ..."

"ಹತ್ತಿರ ಹೋಗಬೇಡಿ!"

ಆ ಕಡೆಯಿಂದ ಏನೋ ಚುಚ್ಚಿದ ಮೆತ್ತನೆಯ ಸದ್ದು ಬಂತು. ಪಕ್ಕದ ಕಾರ್ಖಾನೆಯ ಲೇತಿನ ಕಿರ್ರೆನ್ನುವ ಸದ್ದೊಂದೇ ಉಳಿಯಿತು.

"ಮೇಡಂ..." ದಾನೇಶ್ವರಿಯ ದನಿ ಬೇರೆಯಾಗಿತ್ತು. "ಸೌಟಿನ ಹಿಡಿ ಪೂರ್ತಿ ಒಳಗೋಯ್ತು. ಕಂಬದ ಬುಡದೊಳಗೆ ಬರೀ ಮಣ್ಣು."

"ಅದನ್ನು ಅಲ್ಲೇ ಬಿಟ್ಟು ಮಕ್ಕಳ ಹತ್ತಿರ ಬನ್ನಿ. ನಾನು ಹೊರಟೆ."

ಹನುಮಂತರಾಯಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖದ ನಗು ಯಾವಾಗಲೋ ಹೋಗಿತ್ತು. ಅವರು ಸಾಲಿನ ತುದಿಗೆ ನಡೆದು, ಒಂದು ಗೂಟದ ತಲೆ ಮುಟ್ಟಿದರು. ಎರಡು ದಾಟಿ ಇನ್ನೊಂದನ್ನು. ಆಮೇಲೆ ಮತ್ತೊಂದನ್ನು. ಒಂದರಲ್ಲೂ ಅನುಮಾನಿಸಲಿಲ್ಲ.

"ಬರ್ಕಳಿ ಮೇಡಂ," ಎಂದರು, ತಿರುಗಿ ನೋಡದೆ. "ನಂಗೆ ಬದ್ಲಾಯ್ಸಿದ್ದೆಲ್ಲಾ ಗ್ಯಾಪ್ಕ ಐತೆ."

ಯಮುನಾ ರಿಜಿಸ್ಟರ್ ತೆರೆದು, ನಲವತ್ತೇಳರ ಮುಂದಿದ್ದ ಒಂಬತ್ತನ್ನು ಹೊಡೆದುಹಾಕಿ ಸೊನ್ನೆ ಬರೆದಳು.