ಅರಮೀನು ಆರಿಸಿದ ಕೈ

ತಮ್ಮ ಒದ್ದ ರಭಸಕ್ಕೆ ಬಾಗಿಲಿನ ಅಗುಳಿ ಕಿತ್ತುಕೊಂಡು ಹೆಣದ ಕಾಲ ಬಳಿ ಬಂದು ಬಿತ್ತು. ಅಣ್ಣನನ್ನು ಮಲಗಿಸಿದ್ದ ಹಲಗೆಯ ಸುತ್ತ ಕೂತಿದ್ದವರು ದಡಬಡಿಸಿ ಎದ್ದರು. ಅಣ್ಣನ ಹೆಂಡತಿ ಮಾತ್ರ ಏಳಲಿಲ್ಲ. ಬೆಳಗಿನಿಂದ ಅವಳು ಈ ಒದೆತಕ್ಕೇ ಕಾಯುತ್ತಿದ್ದಳು.

“ಈ ಹೆಣ ನನ್ನ ಮನೆ ಮುಂದೆ ಹಾದು ಹೋಗೋ ಹಾಗಿಲ್ಲ,” ಎಂದ ತಮ್ಮ. ಕೈಯಲ್ಲಿ ದೋಣಿಯ ಹುಟ್ಟು ಇತ್ತು. “ಬೇಕಾದ್ರೆ ಹಿಂದಿನ ಗೋಡೆ ಒಡ್ಕೊಂಡು ಹೋಗಿ.”

“ಸತ್ತವನ ಹತ್ರ ಎಂಥಾ ಜಗಳನಪ್ಪಾ?” ಎಂದಳು ಬಲೆ ಹೆಣೆಯುವ ಮುದುಕಿ.

“ನನ್ನ ಮಗನೂ ಸತ್ತಿದಾನೆ. ಕೊಂದೋನು ಇವನೇ. ನೀನು ಸುಮ್ನೆ ಕೂತ್ಕೋ ಅಜ್ಜಿ.”

ಲಾಂಚಿನ ಡ್ರೈವರ್ ಅಡ್ಡ ಬಂದ. ಅಣ್ಣನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. “ಹುಟ್ಟು ಕೆಳಗಿಡು. ಇಲ್ಲಾಂದ್ರೆ ಇವತ್ತು ಎರಡು ಹೆಣ ಎತ್ತಬೇಕಾಗುತ್ತೆ, ನಮ್ಮ ಹತ್ರ ಇರೋದು ಒಂದೇ ಹಲಗೆ.”

ಯಾರೋ ಕಿಸಕ್ಕನೆ ನಕ್ಕರು. ನಗು ಮುಗಿಯುವ ಮೊದಲೇ ಹುಟ್ಟು ಡ್ರೈವರನ ಕಿವಿಗೆ ಬಡಿದಿತ್ತು. ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಪಾತ್ರೆಗಳ ಮೇಲೆ ಉರುಳಿದರು.

*

ಬಂದರಿನಲ್ಲಿ ಅಣ್ಣನದು ಒಂದೇ ಕೆಲಸ, ಅರಮೀನು ಆರಿಸುವುದು. ಚಪ್ಪಟೆ ಮೀನು, ಅರದಷ್ಟೇ ಒರಟು ಚರ್ಮ. ನೆತ್ತಿಯ ಮೇಲೆ ಉದ್ದದ ಮುಳ್ಳು. ಹೆದರಿದರೆ ಬಂಡೆಯ ಸಂದಿಗೆ ನುಗ್ಗಿ ಮುಳ್ಳನ್ನು ನಿಗುರಿಸಿಬಿಡುತ್ತದೆ. ಹಿಂದಿರುವ ಪುಟ್ಟ ಮುಳ್ಳು ಅದಕ್ಕೆ ಬೆಣೆ ಕೊಡುತ್ತದೆ. ಆಮೇಲೆ ಯಾರಪ್ಪ ಬಂದರೂ ಎಳೆಯಲಾಗದು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅರಮೀನಿನಲ್ಲೇ ಒಂದು ಬಗೆಯ ಕಳ್ಳ ಮೀನಿದೆ. ಅದು ವಿಷದ ಉಬ್ಬುಮೀನಿನ ವೇಷ ಹಾಕುತ್ತದೆ, ಅದೇ ಬಿಳಿ ಮೈ, ಅದೇ ಕಪ್ಪು ಪಟ್ಟೆ, ದೊಡ್ಡ ಮೀನುಗಳು ನೋಡಿ ದೂರ ಹೋಗಲಿ ಅಂತ. ಓದಿದವರು ಇವೆರಡನ್ನೂ ಒಂದೇ ಗಣಕ್ಕೆ ಸೇರಿಸಿ ಕುಟುಂಬ ಮಾತ್ರ ಬೇರೆ ಮಾಡಿದ್ದಾರಂತೆ, ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ ಹಾಗೆ. ಬಲೆಗೆ ಎರಡೂ ಒಟ್ಟಿಗೇ ಬೀಳುತ್ತವೆ. ಅಣ್ಣ ಕಣ್ಣನ್ನು ನಂಬುತ್ತಿರಲಿಲ್ಲ. ಒಂದೊಂದರ ನೆತ್ತಿಯ ಮೇಲೂ ಬೆರಳಾಡಿಸುತ್ತಿದ್ದ. ಮುಳ್ಳು ಸಿಕ್ಕರೆ ಬುಟ್ಟಿಗೆ, ಸಿಗದಿದ್ದರೆ ಉಬ್ಬುಮೀನು, ನೀರಿಗೆ.

ತಮ್ಮನ ಮಗ ಸತ್ತ ದಿನ ಅಣ್ಣ ಜ್ವರದಲ್ಲಿ ಮಲಗಿದ್ದ, ಬಲೆಯಿಂದ ಬಂದ ಮೀನಿನ ಬುಟ್ಟಿ ಮುಟ್ಟಿರಲೇ ಇಲ್ಲ. ಎಂದಿನಂತೆ ಆರಿಸಿಟ್ಟಿದ್ದಾನೆ ಅಂದುಕೊಂಡ ತಮ್ಮ ಒಂದು ಮಾತು ಕೇಳಲಿಲ್ಲ. ಮಗ ಹಸಿವು ಅಂತ ಗೋಳಾಡುತ್ತಿದ್ದ. ಕೈಗೆ ಸಿಕ್ಕ ನಾಲ್ಕು ಮೀನು ತೆಗೆದು ತಲೆ ಕತ್ತರಿಸಿ, ಚರ್ಮ ಸುಲಿದು, ಹುರಿದು ಕೊಟ್ಟ. ತಲೆಯೇ ಹೋದ ಮೇಲೆ ಮುಳ್ಳು ಎಲ್ಲಿ ಹುಡುಕುವುದು? ಸಂಜೆಯೊಳಗೆ ಮಗನ ತುಟಿ ಮರಗಟ್ಟಿತು, ನಾಲಿಗೆ ತೊದಲಿತು, ಉಸಿರು ನಿಂತಿತು.

ತಮ್ಮ ಮರದ ಸುತ್ತಿಗೆ ಹಿಡಿದು ಬಂದ. “ಬುಟ್ಟಿ ಆರಿಸಿದ್ಯೋ ಇಲ್ವೋ?”

ಅಣ್ಣ ಅವನ ಮುಖವನ್ನೇ ನೋಡಿದ. “ಆರಿಸಿದ್ದೆ ಕಣೋ. ಜ್ವರದಲ್ಲಿ ಬೆರಳು ತಪ್ಪಿತು.”

ಮೀನು ಆರಿಸುವ ಅಣ್ಣನ ಕೈಯನ್ನು ತಮ್ಮ ಹೊಸ್ತಿಲ ಮೇಲಿಟ್ಟು, ಮೊಣಕಾಲಿನಿಂದ ಒತ್ತಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಜಜ್ಜಿದ. ಅಣ್ಣ ಪ್ರಾಣ ಹೋಗುವ ಹಾಗೆ ಕಿರುಚಿದ, ಆಡಿದ ಮಾತು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

“ಯಾಕೆ ಸುಳ್ಳು ಹೇಳಿದ್ರಿ?” ಮರುದಿನ ಕೈಗೆ ಬಟ್ಟೆ ಸುತ್ತುತ್ತಾ ಹೆಂಡತಿ ಕೇಳಿದಳು.

“ತಾನೇ ಮಗನ್ನ ಕೊಂದೆ ಅಂತ ಗೊತ್ತಾದ್ರೆ ಅವನು ನೇಣು ಹಾಕ್ಕೋತಾನೆ. ನನ್ನ ಮೇಲೆ ಸಿಟ್ಟಿದ್ರೆ ಬದುಕಿರ್ತಾನೆ. ನಿನ್ನ ಬಾಯಿಂದ ಯಾವತ್ತೂ ಬರಕೂಡದು.”

ಅವಳು ಹೂಂ ಅಂದಳು. ಗಂಡ ಬದುಕಿದ್ದಷ್ಟು ದಿನ ಬೀದಿಯವರೆಲ್ಲ ಅವನನ್ನು ಕೊಲೆಗಾರ ಅಂದಾಗಲೂ ಹೂಂ ಅಂದುಕೊಂಡೇ ನೀರು ಹೊತ್ತಳು. ಹೊಟ್ಟೆ ಉರಿಯದೆ ಇರುತ್ತದೆಯೆ? ಉರಿಯಿತು.

*

ತಮ್ಮ ಡ್ರೈವರನನ್ನು ಕೊಡವಿಕೊಂಡು, ಬಿದ್ದಿದ್ದ ಹುಟ್ಟು ಎತ್ತಿಕೊಂಡು ಎದ್ದ. ನೇರ ಹಲಗೆಯ ಬಳಿ ಹೋಗಿ ಅಣ್ಣನ ಮುಖದ ಮೇಲೆ ಉಗಿದ.

ಅಣ್ಣನ ಹೆಂಡತಿ ಈಗ ಎದ್ದಳು. ಕೈ ಬೀಸಿ ಅವನ ಕೆನ್ನೆಗೆ ಬಾರಿಸಿದಳು. ಅವನು ತಿರುಗಿ ಹೊಡೆದ ಏಟಿಗೆ ಅವಳ ತುಟಿ ಒಡೆಯಿತು.

“ಸಾಯೋ ಮುಂಚೆಯಾದ್ರೂ ತಪ್ಪಾಯ್ತು ಅಂದ್ನಾ?” ತಮ್ಮ ಕೇಳಿದ. “ನಿಜ ಹೇಳಿ ಅತ್ತಿಗೆ. ನನಗೆ ನಿಜ ಬೇಕು.”

ನಿಜ ಅವಳ ನಾಲಿಗೆಯ ತುದಿಗೆ ಬಂದಿತ್ತು, ರಕ್ತದ ಜೊತೆಗೇ. ಒಂದೇ ಒಂದು ಮಾತು ಸಾಕಿತ್ತು. ಗಂಡನ ಮೇಲಿನ ಮಸಿ ತೊಳೆದುಹೋಗುತ್ತಿತ್ತು, ಇವನು ಇಲ್ಲೇ ಮಣ್ಣುಪಾಲಾಗುತ್ತಿದ್ದ. ಹೇಳಬೇಕು ಅಂತ ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಹಲ್ಲು ಕಚ್ಚಿಕೊಳ್ಳಬೇಕಾಯಿತು.

“ಅಂದ್ರು,” ಎಂದಳು. “ದಿನಾ ಅಂದ್ರು.”

ತಮ್ಮನ ಕೈಯಿಂದ ಹುಟ್ಟು ಜಾರಿತು. ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದ, ಯಾರ ಗುರುತೂ ಸಿಗದವನ ಹಾಗೆ.

“ಇನ್ಮೇಲೆ ನಾನು ಯಾರನ್ನ ಹೊಡೀಲಿ ಅತ್ತಿಗೆ?”

“ನಾನಿದ್ದೀನಲ್ಲ.”

ಅವಳು ಬಗ್ಗಿ ಗಂಡನ ಮುಖದ ಮೇಲಿದ್ದ ಉಗುಳನ್ನು ಅಂಗೈಯಿಂದ ಒರೆಸಿದಳು. ಅದೇ ಒದ್ದೆ ಕೈಯಿಂದ ಮೈದುನನ ಮಣಿಕಟ್ಟು ಹಿಡಿದು, ಅವನ ಕೈಯನ್ನು ಹಲಗೆಯ ಅಂಚಿನ ಮೇಲೆ ಇಟ್ಟಳು. ಡ್ರೈವರ್ ಕಿವಿಯ ರಕ್ತ ಒರೆಸಿಕೊಂಡು, ತಾನು ಹಿಡಿಯಬೇಕಾಗಿದ್ದ ಮೂಲೆಯನ್ನು ತಮ್ಮನಿಗೆ ಬಿಟ್ಟು ಸರಿದ.