ಅಂಚು ಮಡಚಿದ ಹಿಮ

ಪರದೆ ಅಕ್ಕನಿಗೆ ಅಣ್ಣನಿಲ್ಲ. ತಮ್ಮನೂ ಇಲ್ಲ. ಅವಳ ತಾಯಿ ಒಂದೇ ಹೆರಿಗೆಗೆ ಸಾಕಪ್ಪಾ ಎಂದು ಕೈಮುಗಿದವಳು. ಹಾಗಿದ್ದ ಮೇಲೆ ಅಣ್ಣನ ಮಗಳು ಎಲ್ಲಿಂದ ಬರಬೇಕು? ಆದರೂ ಬಂದಳು. ಒಂದು ಶನಿವಾರ ಮಧ್ಯಾಹ್ನ ಮೂರೂಕಾಲಿಗೆ, ಗ್ರಂಥಾಲಯದ ಮಹಡಿ ಕೋಣೆಯಲ್ಲಿ, ಏಳು ಜನರ ಕಣ್ಣೆದುರೇ ಹುಟ್ಟಿದಳು. ಹುಟ್ಟುವಾಗಲೇ ಅವಳಿಗೆ ಒಂಬತ್ತು ವರ್ಷ ತುಂಬಿತ್ತು.

ತಪ್ಪು ಟೀಚರದ್ದು ಎಂದರೂ ಸರಿಯೇ. ಚಳಿಗಾಲದ ಕಾರ್ಡು, ತೋರಣ, ನಕ್ಷತ್ರ ಇವನ್ನೆಲ್ಲ ಕೈಯಲ್ಲೇ ಮಾಡುವುದನ್ನು ಕಲಿಸುತ್ತೇವೆ ಎಂದು ಕೆಳಗಿನ ಬಾಗಿಲಿಗೆ ಚೀಟಿ ಅಂಟಿಸಿದ್ದವರು ಅವರೇ. ಯಾವುದೋ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಅದನ್ನೇ ಮನೆಯೆಲ್ಲ ಹುಡುಕುವ ಜಾತಿ. ಮೊದಲ ದಿನವೇ ಮೇಜು ಕುಟ್ಟಿ ಹೇಳಿದರು: "ಕಾರ್ಡು ಅಂದ್ರೆ ಬರೀ ಚಿತ್ರ ಅಲ್ಲ. ಅದು ಹೋಗಿ ಸೇರೋ ಮನುಷ್ಯ ಇರ್ತಾನಲ್ಲ, ಅವನೇ ಕಾರ್ಡು. ಯಾರಿಗೆ ಅಂತ ಒಬ್ಬೊಬ್ಬರೇ ಹೇಳಿ. ಆಮೇಲೆ ಕತ್ತರಿ ಹಿಡೀರಿ."

ನರ್ಸು ತನ್ನ ಹಳೆಯ ಗೆಳತಿಗೆ ಎಂದಳು. ನಿವೃತ್ತ ಬಸ್ ಕಂಡಕ್ಟರು ಮೊಮ್ಮಗನಿಗೆ ಎಂದರು. ಉಳಿದವರೂ ಅಕ್ಕ, ಅಳಿಯ, ಬೀಗಿತ್ತಿ ಎಂದು ಒಬ್ಬೊಬ್ಬರನ್ನು ಹೇಳಿಕೊಂಡರು. ಸರದಿ ಕಿಟಕಿ ಪಕ್ಕದ ಕುರ್ಚಿಗೆ ಬಂತು. ಅಲ್ಲಿ ಕೂತಿದ್ದವಳು ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವಳು, ಅದಕ್ಕೇ ಮುಂದೆ ಎಲ್ಲರ ಬಾಯಲ್ಲೂ ಪರದೆ ಅಕ್ಕನಾದಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ಉದ್ದನೆಯ ಮೇಜು. ಅರ್ಧ ಊರಿನ ಕಿಟಕಿಗಳ ಅಗಲ ಉದ್ದ ಅವಳಿಗೆ ಬಾಯಿಪಾಠ, ಆದರೆ ಆ ಕಿಟಕಿಗಳ ಒಳಗೆ ಕೂತು ಒಂದು ಲೋಟ ಚಹಾ ಕುಡಿದವಳಲ್ಲ. ಶನಿವಾರ ಅಂಗಡಿಗೆ ಅರ್ಧ ದಿನ. ಮಧ್ಯಾಹ್ನ ಮನೆಗೆ ಹೋದರೆ ಸೋಮವಾರ ಬೆಳಗಿನವರೆಗೆ ಬಾಯಿ ತೆರೆಯುವ ಕೆಲಸವೇ ಇರುತ್ತಿರಲಿಲ್ಲ. ಅದಕ್ಕೇ ಬಂದಿದ್ದಳು. ಕಾರ್ಡು ಕಳಿಸಲು ಅವಳಿಗೆ ಯಾರೂ ಇರಲಿಲ್ಲ.

ಆದರೆ ಏಳು ಜನ ತಿರುಗಿ ನೋಡುತ್ತಿರುವಾಗ ಹಾಗೆನ್ನಲು ಆಗುತ್ತದೆಯೇ? "ನನ್ನ ಅಣ್ಣನ ಮಗಳಿಗೆ" ಎಂದುಬಿಟ್ಟಳು.

"ಹೆಸರೇನು?"

"ಪುಟ್ಟಿ ಅಂತ ಕರೀತೀವಿ."

ಕರೀತೀನಿ ಅನ್ನಲಿಲ್ಲ, ಕರೀತೀವಿ ಅಂದಳು. ಅಷ್ಟರಲ್ಲಿ ಒಂದು ಇಡೀ ಸಂಸಾರವೇ ಅವಳ ಬೆನ್ನ ಹಿಂದೆ ಬಂದು ನಿಂತಿತು. ಅವಳಿಗೆ ಅದು ಹಿತವೆನ್ನಿಸಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಜನ ನಗುತ್ತಾರೆ. ಇವಳು ಹುಟ್ಟದ ಕೂಸಿಗೆ ಕುಲಾವಿಯಷ್ಟೇ ಅಲ್ಲ, ಅಪ್ಪ, ಅಮ್ಮ, ಶಾಲೆ, ಹಲ್ಲುನೋವು ಎಲ್ಲವನ್ನೂ ಹೊಂದಿಸಿಕೊಟ್ಟಳು. ಅಣ್ಣ ಇದೇ ಊರಿನ ಆಚೆ ತುದಿಯಲ್ಲಿದ್ದಾನೆ, ಪಾಪದವನು. ಇಷ್ಟು ಹತ್ತಿರವಿದ್ದೂ ಹುಡುಗಿ ಯಾಕೆ ಬರುವುದಿಲ್ಲ ಎಂದು ಯಾರೋ ಕೇಳಿದ್ದರಿಂದ ಒಬ್ಬ ಅತ್ತಿಗೆಯನ್ನೂ ಸೃಷ್ಟಿಸಬೇಕಾಯಿತು. ಅತ್ತಿಗೆ ಘಟವಾಣಿ. ಹುಡುಗಿಯನ್ನು ರಜೆಯಲ್ಲೂ ಕಳಿಸುವುದಿಲ್ಲ. "ಅಂಥವರು ಎಲ್ಲ ಮನೇಲೂ ಒಬ್ಬರು ಇರ್ತಾರೆ ಬಿಡಿ" ಎಂದು ನರ್ಸು ಹಲ್ಲು ಕಡಿದಳು. ಬರಬರುತ್ತ ಪರದೆ ಅಕ್ಕನಿಗೂ ಆ ಅತ್ತಿಗೆಯ ಮೇಲೆ ನಿಜವಾಗಿ ಸಿಟ್ಟು ಬರತೊಡಗಿತು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತ, ಎಂಥ ಕಲ್ಲು ಹೃದಯ ಅವಳದ್ದು ಅಂದುಕೊಳ್ಳುತ್ತಿದ್ದಳು.

ಕೆಲಸವನ್ನಂತೂ ಶ್ರದ್ಧೆಯಿಂದ ಕಲಿತಳು. ದಪ್ಪ ಕಾಗದಕ್ಕೆ ನೀಲಿ ನೀರುಬಣ್ಣ ಬಳಿದು, ಹಸಿಯಿರುವಾಗಲೇ ಉಪ್ಪು ಉದುರಿಸಬೇಕು. ಒಣಗಿದ ಮೇಲೆ ಉಪ್ಪು ಒರೆಸಿದರೆ ಆಕಾಶದ ತುಂಬ ಹಿಮ ಬಿದ್ದ ಗುರುತು. ಹಳೇ ಪತ್ರಿಕೆ ಹರಿದು ಅಂಟಿಸಿದರೆ ಗುಡ್ಡ. ಪುಡಿಮಾಡಿದ ಮೊಟ್ಟೆ ಚಿಪ್ಪು ರಸ್ತೆಗೆ. ಮರದ ಕೊಂಬೆಗೆ ತಂತಿ. ಕಂಡಕ್ಟರು ತಮ್ಮ ಹಳೆಯ ಟಿಕೆಟ್ ತೂತು ಹಾಕುವ ಇಕ್ಕಳ ತಂದು, ಬಿಳಿ ಕಾಗದದಲ್ಲಿ ಟಕಟಕನೆ ಸಾವಿರ ತೂತು ಹಾಕಿ, ಬಿದ್ದ ಚುಕ್ಕೆಗಳನ್ನೇ ಹಿಮವೆಂದು ಅಂಟಿಸುತ್ತಿದ್ದರು. ಪರದೆ ಅಕ್ಕ ಅಂಗಡಿಯಲ್ಲಿ ಉಳಿದ, ಪರದೆಯ ಒಳಮೈಗೆ ಹಾಕುವ ಬಿಳಿ ಅಸ್ತರಿನ ತುಂಡು ತಂದು ಮನೆ ಸೂರಿನ ಮೇಲೆ ಹಾಸಿದಳು. ಹಾಸುವ ಮುಂಚೆ ಅದರ ಅಂಚನ್ನು ಒಳಕ್ಕೆ ಮಡಚಿ ಉಗುರಿನಿಂದ ಗೀರಿ ಕೂರಿಸಿದಳು, ಎಳೆ ಬಿಡಬಾರದಲ್ಲ.

ಟೀಚರ್ ಅದನ್ನು ಎತ್ತಿ ಹಿಡಿದು ನಕ್ಕರು. "ಅಲ್ಲ ಕಣ್ರೀ, ಹಿಮಕ್ಕೆ ಯಾರಾದ್ರೂ ಅಂಚು ಮಡಚ್ತಾರಾ? ಹರೀರಿ. ಹರಿದು ಅಂಟಿಸಿ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಜನರ ಜೊತೆ ಕೂತು ತನ್ನ ಬಗ್ಗೆಯೇ ನಗುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ಕುರ್ಚಿ ಈಗ ಅವಳದ್ದಾಗಿತ್ತು. ಐದು ನಿಮಿಷ ತಡವಾದರೆ "ಪರದೆ ಅಕ್ಕ ಬರ್ತಾರೆ, ಅಲ್ಲಿ ಕೂರಬೇಡಿ" ಎಂದು ಯಾರಾದರೂ ಅನ್ನುತ್ತಿದ್ದರು. ಮಾಡಿದ ಕಾರ್ಡುಗಳು ಮಾತ್ರ ಮನೆಯ ಬೀರುವಿನಲ್ಲಿ, ಬೆಡ್‌ಶೀಟುಗಳ ಕೆಳಗೆ ಮಲಗಿದ್ದವು.

ಆರನೇ ವಾರ ಟೀಚರ್ ಹೊಸ ಹುಕುಂ ಹೊರಡಿಸಿದರು. ಕಾರ್ಡು ತಲುಪಿದವರು ಏನಾದರೂ ಉತ್ತರ ಕಳಿಸಿದ್ದರೆ ತರಬೇಕು, ಗೋಡೆಗೆ ಅಂಟಿಸೋಣ. ಗೋಡೆ ತುಂಬತೊಡಗಿತು. ಪುಟ್ಟಿಯದು ಬರಲಿಲ್ಲ. ಎರಡು ವಾರವಾದರೂ ಬರಲಿಲ್ಲ. "ಆ ಅತ್ತಿಗೆ ಮಗು ಕೈಗೆ ಕೊಟ್ಟೇ ಇರೋಲ್ಲ" ಎಂದಳು ನರ್ಸು. ಯಾರೋ "ಅಥವಾ ಹುಡುಗಿಗೇ ಅಕ್ಕರೆ ಇಲ್ವೇನೋ" ಎಂದರು. ಈ ಮಾತು ಪರದೆ ಅಕ್ಕನಿಗೆ ಚುಚ್ಚಿತು. ತನ್ನ ಪುಟ್ಟಿಗೆ ಅಕ್ಕರೆಯಿಲ್ಲವೇ? ಪುಟ್ಟಿಯ ಮಾನ ಉಳಿಸಲೇಬೇಕಾಯಿತು.

ಭಾನುವಾರವೆಲ್ಲ ಕೂತು ಉತ್ತರ ಮಾಡಿದಳು. ಎಡಗೈಯಲ್ಲಿ ಬರೆದಳು, ಅಕ್ಷರ ಡೊಂಕಾಗಲಿ ಎಂದು. ಹಿಮದ ಬೊಂಬೆಗೆ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಅಂಟನ್ನು ಬೇಕೆಂದೇ ಚೆಲ್ಲಿದಳು. "ಅತ್ತೆ, ನಿಮ್ಮ ಕಾರ್ಡು ನನಗೆ ತುಂಬಾ ಇಷ್ಟ" ಎಂದು ತನಗೆ ತಾನೇ ಬರೆದುಕೊಂಡು, ಓದಿಕೊಂಡು, ನಾಚಿಕೊಂಡಳು. ಮನಸ್ಸೆಲ್ಲ ಎಡಗೈಯ ಮೇಲಿತ್ತು. ಬಲಗೈಯನ್ನು ಯಾರು ಕಾಯಬೇಕು? ಹುಟ್ಟುಗುಣ ಸುಟ್ಟರೂ ಹೋಗದು.

ಶನಿವಾರ ಕಾರ್ಡು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮುದ್ದು ಮುದ್ದು ಎಂದರು. ಕಂಡಕ್ಟರ ಕೈಗೆ ಬಂದಾಗ ಅವರು ಬೊಂಬೆಯ ಕಾಲಡಿಯ ಹಿಮದ ಮೇಲೆ ಹೆಬ್ಬೆರಳಾಡಿಸಿದರು. ಅಸ್ತರಿನ ಬಟ್ಟೆ. ಅಂಚು ನೆಟ್ಟಗೆ ಒಳಕ್ಕೆ ಮಡಚಿತ್ತು. ಮೂವತ್ತೈದು ವರ್ಷ ಟಿಕೆಟಿಲ್ಲದವರ ಮುಖ ನೋಡಿಕೊಂಡು ಬಂದ ಮನುಷ್ಯ ಅವರು. ತಲೆಯೆತ್ತಿ ಪರದೆ ಅಕ್ಕನನ್ನು ನೋಡಿದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳ ಕೈ ತಂತಾನೇ ಚೀಲಕ್ಕೆ ಹೋಯಿತು. ಇವತ್ತಿಗೆ ಮುಗಿಯಿತು, ಕುರ್ಚಿ ಹೋಯಿತು ಅಂದುಕೊಂಡಳು.

"ಅಚ್ಚುಕಟ್ಟು ಹುಡುಗಿ" ಎಂದಷ್ಟೇ ಹೇಳಿ ಕಂಡಕ್ಟರು ಕಾರ್ಡನ್ನು ಮುಂದಕ್ಕೆ ದಾಟಿಸಿದರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ನರ್ಸಿಗೆ ಕರುಳು ಉಕ್ಕಿತ್ತು. "ನಾವೆಲ್ಲ ಒಂದೊಂದು ಕಾರ್ಡು ಮಾಡಿ ಪುಟ್ಟಿಗೆ ಕಳಿಸೋಣ! ಏಳು ಕಾರ್ಡು ಒಟ್ಟಿಗೆ ಬಂದ್ರೆ ಅತ್ತಿಗೆ ಅಲ್ಲ, ಅತ್ತಿಗೆಯ ಅಜ್ಜಿ ಬಂದ್ರೂ ಬಚ್ಚಿಡೋಕಾಗಲ್ಲ. ವಿಳಾಸ ಹೇಳಿ ಅಕ್ಕಾ." ಎಲ್ಲರೂ ಪೆನ್ನು ತೆಗೆದರು. ಊರಲ್ಲಿ ಪರದೆ ಅಕ್ಕನಿಗೆ ಬಾಯಿಗೆ ಬರುವ ವಿಳಾಸ ಒಂದೇ, ತನ್ನ ಮನೆಯದು. ಅದನ್ನೇ ಹೇಳಿದಳು. ಬೇಕರಿ ಬೀದಿ, ಮೂಲೆ ಕಟ್ಟಡ, ಮೂರನೇ ಮಹಡಿ. ಏಳೂ ಜನ ತಲೆ ತಗ್ಗಿಸಿ ಬರೆದುಕೊಂಡರು. ಯಾರೂ ಹುಬ್ಬೇರಿಸಲಿಲ್ಲ.

ಬುಧವಾರದಿಂದ ಕಾರ್ಡುಗಳು ಬಂದವು. ಬಿಲ್ಲು, ಜಾಹೀರಾತು ಬಿಟ್ಟರೆ ಬೇರೇನೂ ಕಾಣದ ಅಂಚೆ ಡಬ್ಬಿ ಅದು. ಶುಕ್ರವಾರದ ಹೊತ್ತಿಗೆ ಏಳು ದಪ್ಪ ಲಕೋಟೆಗಳು. ಏಳರ ಮೇಲೂ ಪುಟ್ಟಿ. ಪರದೆ ಅಕ್ಕ ಕೋಟು ಕೂಡ ಬಿಚ್ಚದೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಡೆದಳು. ಬೆಳ್ಳಿ ಕಾಗದದ ನಕ್ಷತ್ರ, ಗುಂಡಿಗಳ ಹಿಮಬೊಂಬೆ, ಉಣ್ಣೆದಾರದ ಟೋಪಿ. ಒಳಗೆ ಬರಹ. ಟೀಚರ್ ಬರೆದಿದ್ದರು: "ನಿನ್ನ ಅತ್ತೆ ಬಾರದ ದಿನ ನನ್ನ ತರಗತಿ ಬಿಕೋ ಅನ್ನುತ್ತದೆ." ನರ್ಸು ಬರೆದಿದ್ದಳು: "ನಿನ್ನ ಹೆಸರು ಹೇಳುವಾಗ ನಿನ್ನ ಅತ್ತೆಯ ಮುಖ ನೋಡಬೇಕು ಪುಟ್ಟಿ. ನೋಡಿದ್ದರೆ ನೀನೇ ಓಡಿ ಬರುತ್ತಿದ್ದೆ. ಅವರಂಥ ಅತ್ತೆ ನನಗೆ ಇರಲಿಲ್ಲ."

ಇಷ್ಟು ಪ್ರೀತಿಯ ಮಾತು ತನ್ನ ಬಗ್ಗೆ ಯಾರಾದರೂ ಆಡಿದ್ದನ್ನು ಅವಳು ಕೇಳಿರಲಿಲ್ಲ. ಆಡಿದ್ದು ತನ್ನ ಬಗ್ಗೆಯೇ, ಆದರೆ ತನಗಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲು ಅಳು ಬಂತು. ಆಮೇಲೆ, ಹೇಳಿದರೆ ನಗುತ್ತೀರಿ, ಪುಟ್ಟಿಯ ಮೇಲೆ ಹೊಟ್ಟೆಕಿಚ್ಚು ಬಂತು. ಇಲ್ಲದವಳಿಗೆ ಏಳು ಕಾರ್ಡು. ಇರುವವಳಿಗೆ?

ಕೊನೆಗೆ ಕಂಡಕ್ಟರ ಲಕೋಟೆ. ಅದರಲ್ಲಿ ತೂತಿನ ಚುಕ್ಕೆಗಳಿರಲಿಲ್ಲ. ಒಂದು ಮನೆ, ಸೂರಿನ ಮೇಲೆ ಬಿಳಿ ಬಟ್ಟೆಯ ತುಂಡು. ಆ ದಪ್ಪ ಬೆರಳುಗಳಿಂದ ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ, ಸೊಟ್ಟ ಸೊಟ್ಟ ಹೊಲಿಗೆ ಹಾಕಿದ್ದರು. ಒಳಗೆ ಒಂದಕ್ಷರವೂ ಇರಲಿಲ್ಲ. ಅವಳು ಅದನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಳು. ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿರುವ ಒಬ್ಬರ ಎದುರಿಗೆ ಇನ್ನು ಆಟ ಹೂಡುವುದು ಹೇಗೆ?

ಶನಿವಾರ ಹೋಗದೇ ಇದ್ದುಬಿಡೋಣ ಎಂದು ಹತ್ತು ಸಲ ಅಂದುಕೊಂಡು ಹನ್ನೊಂದನೇ ಸಲಕ್ಕೆ ಹೋದಳು. ಕಿಟಕಿಯ ಗಾಜಿಗೆ ಮಂಜು ಹಿಡಿದಿತ್ತು. ಕೂರುವ ಮುಂಚೆಯೇ ಟೀಚರ್ ಕೇಳಿದರು: "ಪುಟ್ಟಿ ಏನಂದ್ಲು?"

ಪರದೆ ಅಕ್ಕ ಚೀಲದಿಂದ ಏಳೂ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಲಕೋಟೆಗಳ ಸಮೇತ.

"ಅಂಥ ಹುಡುಗಿನೇ ಇಲ್ಲ. ನನಗೆ ಅಣ್ಣನೂ ಇಲ್ಲ, ಅತ್ತಿಗೆನೂ ಇಲ್ಲ. ಆವತ್ತು ಬಾಯಿಗೆ ಬಂತು, ಹೇಳಿಬಿಟ್ಟೆ. ಉತ್ತರ ಬರೆದಿದ್ದೂ ನಾನೇ. ನಿಮ್ಮ ಕಾರ್ಡು ಒಡೆದು ಓದಿದ್ದೂ ನಾನೇ. ತಪ್ಪಾಯ್ತು."

ಕಂಡಕ್ಟರು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು. ನರ್ಸಿನ ಮುಖ ಮಾತ್ರ ಕೆಂಪೇರಿತು.

"ಎರಡೆರಡು ಪಾಳಿ ಮುಗಿಸಿ ಬಂದು, ನಿದ್ದೆಗೆಟ್ಟು ಮಾಡಿದ್ದೆ ಆ ಟೋಪಿನ. ಮಗು ಮಗು ಅಂತ ವಾರ್ಡಲ್ಲೆಲ್ಲ ಹೇಳ್ಕೊಂಡು ತಿರುಗಿದೀನಿ! ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ದಡ್ಡಿ ಆದೆನಲ್ಲ ನಾನು." ಅವಳು ಪರದೆ ಅಕ್ಕನ ಕಡೆ ಪೂರ್ತಿ ತಿರುಗಿದಳು. "ನಿಮಗೆ ಕಾರ್ಡು ಬೇಕಿತ್ತು ಅಂದ್ರೆ ಬಾಯಿಬಿಟ್ಟು ಹೇಳಬಾರದಿತ್ತಾ ಅಕ್ಕಾ? ನಿಮಗೇ ಕಳಿಸ್ತಿದ್ವಲ್ಲ!"

"ಎಲ್ಲಿಗೆ ಕಳಿಸ್ತಿದ್ರಿ?" ಎಂದಳು ಪರದೆ ಅಕ್ಕ.

ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ನರ್ಸು ಟೀಚರ್ ಕಡೆ ನೋಡಿದಳು. ಟೀಚರ್ ಕಂಡಕ್ಟರ ಕಡೆ ನೋಡಿದರು. ಕಂಡಕ್ಟರು ತಮ್ಮ ಕೈಗಳನ್ನು ನೋಡಿಕೊಂಡರು. ಹತ್ತು ಶನಿವಾರ ಒಂದೇ ಅಂಟಿನ ಡಬ್ಬಿಗೆ ಕೈ ಹಾಕಿದವರು. ಕಾಣದ ಹುಡುಗಿಯ ಶಾಲೆ, ಅವಳ ಹಲ್ಲುನೋವು, ಅವಳ ಅಮ್ಮನ ಬುದ್ಧಿ ಎಲ್ಲ ಗೊತ್ತಿತ್ತು ಅವರಿಗೆ. ಇವಳು ಇಲ್ಲಿಂದ ಇಳಿದು ಎಡಕ್ಕೆ ಹೋಗುತ್ತಾಳೋ ಬಲಕ್ಕೋ, ಅದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ವಿಳಾಸ ಬರೆದುಕೊಂಡ ದಿನವೇ ಸುಳ್ಳು ಬಯಲಾಗುತ್ತಿತ್ತು.

ನರ್ಸು ಮೇಜಿನ ಮೇಲಿದ್ದ ತನ್ನದೇ ಲಕೋಟೆಯನ್ನು ಎತ್ತಿಕೊಂಡಳು. ತಾನೇ ಬರೆದದ್ದನ್ನು ಹೊಸದಾಗಿ ಓದುವವಳಂತೆ ಓದಿದಳು.

"ಈ ಮೂರನೇ ಮಹಡಿ. ಇದು ನಿಮ್ಮನೆನಾ?"

"ಹೂಂ."

ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದೇ ಸಿಟ್ಟಿನ ದನಿಯಲ್ಲೇ ನರ್ಸು ಇನ್ನೊಂದು ಮಾತು ಕೇಳಿದಳು. "ಒಬ್ಬರೇ ಇರೋದಾ?"

"ಒಬ್ಬಳೇ" ಎಂದಳು ಪರದೆ ಅಕ್ಕ. ಹೇಳಿದ ಮೇಲೆ ಕಿಟಕಿ ಪಕ್ಕದ ತನ್ನ ಕುರ್ಚಿ ಎಳೆದುಕೊಂಡು ಕೂತಳು.